ಅಡ್ಡಾಡುವ ಬಯಕೆ

ಬಸುರಿಯ ಬಾಯಿಂದ ಬಂದ ಮಾತನ್ನು ನಮ್ಮ ಕಡೆ ಯಾರೂ ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಹುಣಸೆಕಾಯಿ ಅಂದರೆ ಹುಣಸೆಕಾಯಿ ಬರಬೇಕು, ಗಿರ್ಮಿಟ್ ಅಂದರೆ ಗಿರ್ಮಿಟ್ ಬರಬೇಕು. ಬಯಕೆ ತೀರದಿದ್ದರೆ ಹುಟ್ಟುವ ಕೂಸಿನ ಕಿವಿ ಸೋರುತ್ತದೆ ಎಂಬುದು ನನ್ನ ಅತ್ತೆಯ ನಂಬಿಕೆ. ನಂಬಿಕೆ ಅಂದರೆ ಕಡಿಮೆಯಾಯಿತು, ಅವರ ಪಾಲಿಗೆ ಅದು ಕಾಯ್ದೆ. ಇಷ್ಟೆಲ್ಲ ಗೊತ್ತಿದ್ದೂ ನಾನು ಒಂದು ದಿನ ಉಣಕಲ್ ಹತ್ತಿರ ಸಿಗ್ನಲ್‌ಗೆ ನಿಂತ ರಿಕ್ಷಾದಲ್ಲಿ ಕೂತು, ರಸ್ತೆ ಬದಿಯ ದೊಡ್ಡ ಬೋರ್ಡು ನೋಡುತ್ತಾ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ.

ಬೋರ್ಡಿನ ಮೇಲೆ ಒಂದು ಥೀಮ್ ಪಾರ್ಕಿನ ಜಾಹೀರಾತಿತ್ತು. ನೀಲಿ ನೀರು, ಸುತ್ತಿ ಸುತ್ತಿ ಇಳಿಯುವ ಜಾರುಬಂಡೆ, ಕೈ ಮೇಲೆತ್ತಿ ಕಿರುಚುವ ಮಂದಿ. ನನ್ನ ಕಣ್ಣಿಗೆ ಬಿದ್ದದ್ದು ಅವು ಯಾವೂ ಅಲ್ಲ. ಚಿತ್ರದ ಮೂಲೆಯಲ್ಲಿ ಒಬ್ಬ ಹೆಂಗಸು ಗಿಡಗಳ ಸಾಲಿನ ನಡುವೆ ಕೈ ಬೀಸಿಕೊಂಡು ಆರಾಮಾಗಿ ನಡೆದು ಹೋಗುತ್ತಿದ್ದಳು.

"ಅಲ್ಲಿ ಹೋಗಿ ದಿನಾಪೂರ್ತಿ ಅಡ್ಯಾಡಿ ಬರಬೇಕು ಅನಸ್ತೈತ್ರಿ, ಅತ್ತಿ," ಅಂದೆ.

ನನ್ನ ರಟ್ಟೆ ಹಿಡಿದಿದ್ದ ಅತ್ತೆಯ ಕೈ ಸ್ವಲ್ಪ ಬಿಗಿಯಾಯಿತು.

ನಾವು ಸತ್ತೂರಿನಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಮನೆಗೆ ಮರಳುತ್ತಿದ್ದೆವು. ನನಗಾಗ ಏಳು ತಿಂಗಳು. ಡಾಕ್ಟರಮ್ಮ ಎಲ್ಲ ನೋಡಿ, "ಛಲೋ ಐತಿ. ದಿನಾ ನಡೀರಿ. ದಣಿಯೂಕಿಂತ ಮೊದಲ ಕುಂದರ್ರಿ," ಅಂದಿದ್ದರು. ಇದರಲ್ಲಿ ಎರಡು ಮಾತಿವೆ ಎಂದು ನನಗನಿಸಿತು. ಅತ್ತೆಗೆ ಕೇಳಿಸಿದ್ದು ಒಂದೇ, ಕುಂದರ್ರಿ. ಆ ಒಂದು ಮಾತನ್ನೂ ಅವರು ಮನೆ ಮುಟ್ಟುವುದರೊಳಗೆ ಬೆಳೆಸಿ, ಮಲಗಿಕೊಳ್ಳಿ ಅಂತ ಮಾಡಿಕೊಂಡಿರುತ್ತಿದ್ದರು.

ನಾನು ಬಸ್ ಕಂಡಕ್ಟರ್. ಹುಬ್ಬಳ್ಳಿಯಿಂದ ಹಳ್ಳಿಗಳ ಕಡೆ ಹೋಗುವ ಮಾರ್ಗದಲ್ಲಿ ವರ್ಷಗಟ್ಟಲೆ ನಿಂತೇ ಕೆಲಸ ಮಾಡಿದವಳು. ಓಡುವ ಬಸ್ಸಿನಲ್ಲಿ ಏನನ್ನೂ ಹಿಡಿಯದೆ ನಿಂತು ಚಿಲ್ಲರೆ ಎಣಿಸಿ ಕೊಡಬಲ್ಲೆ. ಅಂಥವಳನ್ನು ಐದು ತಿಂಗಳು ತುಂಬುತ್ತಿದ್ದ ಹಾಗೆ ರಜೆ ಹಾಕಿಸಿ, ಹಿಂದಿನ ಕೋಣೆಯ ಮಂಚದ ಮೇಲೆ ಮಲಗಿಸಿದ್ದರು. ಅಂಗಳಕ್ಕೆ ಬಂದರೆ, "ಯಾಕ ಎದ್ದಿ?" ಅಡುಗೆ ಮನೆಗೆ ಹೋದರೆ, "ಯಾಕ ಬಂದಿ?" ಬಚ್ಚಲಿಗೆ ಹೋದರೂ ಬಾಗಿಲ ಹೊರಗೆ ಅವರ ಬಳೆ ಸಪ್ಪಳ. ನನ್ನ ತಾಯಿ ತೀರಿಕೊಂಡು ಬಹಳ ವರ್ಷವಾಗಿದ್ದರಿಂದ ತವರಿಗೆ ಹೋಗುತ್ತೇನೆ ಅಂತ ಹೆದರಿಸುವ ದಾರಿಯೂ ನನಗಿರಲಿಲ್ಲ.

ಅವರ ಮೇಲೆ ಸಿಟ್ಟು ಬರುತ್ತಿತ್ತು, ಬಾಳ ಬರುತ್ತಿತ್ತು. ಆದರೆ ಅವರು ಯಾಕೆ ಹೀಗೆ ಮಾಡುತ್ತಿದ್ದಾರೆಂದು ಗೊತ್ತಿದ್ದುದರಿಂದ ಸಿಟ್ಟನ್ನು ನುಂಗಿಕೊಳ್ಳುತ್ತಿದ್ದೆ. ಇದಕ್ಕಿಂತ ಮೊದಲು ಒಂದು ಬಸುರು ನಾಲ್ಕನೇ ತಿಂಗಳಿಗೇ ಹೋಗಿತ್ತು. ಅವತ್ತು ನಾನು ಡ್ಯೂಟಿಯ ಮೇಲಿದ್ದೆ. ಇದಕ್ಕೆ ಬಸ್ಸಿನ ಕುಲುಕಾಟ ಕಾರಣವಲ್ಲ, ಕೆಲಸ ಕಾರಣವಲ್ಲ, ಕೆಲವು ನಿಲ್ಲುವುದೇ ಇಲ್ಲ, ಯಾರದೂ ತಪ್ಪಿಲ್ಲ ಎಂದು ಡಾಕ್ಟರಮ್ಮ ನನಗೆ ಬಿಡಿಸಿ ಹೇಳಿದ್ದರು. ನಾನು ಅತ್ತುಬಿಟ್ಟೆ, ಅದನ್ನು ನಂಬಿದೆ, ನಂಬಿದ ಮೇಲೆ ಎದ್ದು ಮತ್ತೆ ಕೆಲಸಕ್ಕೆ ಹೋದೆ. ನನ್ನ ಅತ್ತೆ ಮಾತ್ರ ಅದನ್ನು ನಂಬಲಿಲ್ಲ. ಅವರು ಬಸ್ಸನ್ನು ಬೈಯುತ್ತಾರೆ, ನನ್ನ ಕಾಲುಗಳನ್ನು ಬೈಯುತ್ತಾರೆ ಎಂದೇ ನಾನು ತಿಳಿದುಕೊಂಡಿದ್ದೆ.

ಇಂಥ ಅತ್ತೆಗೆ ಈಗ ದೊಡ್ಡ ಪೇಚಾಟ ಬಂತು. ಸೊಸೆಯನ್ನು ಅಡ್ಡಾಡಲು ಬಿಡುವಂತಿಲ್ಲ, ಬಯಕೆಯನ್ನು ಇಲ್ಲ ಅನ್ನುವಂತಿಲ್ಲ. ಎರಡು ದಿನ ರೊಟ್ಟಿ ಬಡಿಯುವಾಗ, ಕಸ ಹೊಡೆಯುವಾಗ ತಮ್ಮಷ್ಟಕ್ಕೆ ಏನೋ ಅಂದುಕೊಂಡರು. ಮೂರನೇ ದಿನ ನನ್ನ ಗಂಡ ಊಟಕ್ಕೆ ಕೂತಾಗ ಸುದ್ದಿ ತೆಗೆದರು. ನನ್ನ ಗಂಡನಿಗೆ ದುರ್ಗದಬೈಲಿನಲ್ಲಿ ಪಾತ್ರೆ ಅಂಗಡಿ ಇದೆ. ಮಾತು ಕಡಿಮೆ, ಅವ್ವನ ಎದುರು ಇನ್ನೂ ಕಡಿಮೆ.

"ಅಂಗಡಿ ಬಂದ್ ಇರೂ ದಿನ ಎಲ್ಲಾರೂ ಆ ಪಾರ್ಕಿಗೆ ಹೋಗೂಣು. ಗಾಡಿ ಹೇಳು," ಅಂದರು.

ಗಂಡನ ಕೈತುತ್ತು ಕೈಯಲ್ಲೇ ಉಳಿಯಿತು. "ಏಳ ತಿಂಗಳ ಬಸುರಿ ಅದಾಳ. ಅಲ್ಲಿ ಏನ ಮಾಡ್ತಾಳವ್ವಾ?"

"ಆಕಿಗೆ ಬಯಕಿ ಆಗೇತಿ. ನಾಳೆ ಕೂಸಿನ ಕಿವಿ ಸೋರಿದ್ರ ನೀ ಒರಸ್ತಿಯೇನ?"

ಅಲ್ಲಿಗೆ ಮುಗಿಯಿತು. ಕಾಲೇಜು ಓದುವ ನನ್ನ ನಾದಿನಿ ಒಳಗಿನಿಂದ ಓಡಿ ಬಂದು, "ವೈನಿ, ಹಿಂಗಾದ್ರ ಮುಂದಿನ ಬಯಕಿ ಗೋವಾ ಅಂತ ಹೇಳ್ರಿ," ಎಂದು ಕಿವಿಯಲ್ಲಿ ಉಸುರಿದಳು. ನಾನು ಬಾಯಿಯ ಮೇಲೆ ಸೆರಗು ಇಟ್ಟುಕೊಂಡೆ. ಅದು ಬಯಕೆಯಲ್ಲ, ಸುಮ್ಮನೆ ಅಂದ ಮಾತು ಎಂದು ಹೇಳುವುದಕ್ಕೆ ಆಗಲೂ ಸಮಯವಿತ್ತು. ಹೇಳಲಿಲ್ಲ. ಯಾಕೆ ಹೇಳಲಿ? ಒಂದು ದಿನ ನನ್ನ ಕಾಲ ಮೇಲೆ ಅಡ್ಡಾಡಿ, ಏನೂ ಆಗದೆ ಮನೆಗೆ ಬಂದೆನೆಂದರೆ, ಉಳಿದ ಎರಡು ತಿಂಗಳು ಆ ಹಿಂದಿನ ಕೋಣೆಯಿಂದ ನನಗೆ ಬಿಡುಗಡೆ. ಏನಾದರೂ ಆಯಿತೋ, ಹೆರಿಗೆಯವರೆಗೆ ಮಂಚವೇ ಗತಿ. ಇದು ನನಗೂ ಗೊತ್ತಿತ್ತು, ಅತ್ತೆಗೂ ಗೊತ್ತಿತ್ತು.

ಹೋಗುವ ದಿನ ಅತ್ತೆಯ ತಯಾರಿ ನೋಡಬೇಕಿತ್ತು. ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಗಟ್ಟಿ ಮೊಸರು, ಶೇಂಗಾ ಹೋಳಿಗೆ ಎಲ್ಲ ಸೇರಿ ಒಂದು ದೊಡ್ಡ ಬುತ್ತಿ. ಎರಡು ಕೊಡೆ, ಒಂದು ದುಪ್ಪಟಿ, ಒಂದು ತಲೆದಿಂಬು. ಸಾಲದ್ದಕ್ಕೆ ಒಂದು ಪ್ಲಾಸ್ಟಿಕ್ ಸ್ಟೂಲು. ನಾನು ತಯಾರಾದದ್ದು ಬೇರೆ ರೀತಿ. ಸಂಜೆಯಾದರೆ ನನ್ನ ಪಾದ ಊದುತ್ತಿದ್ದವು, ಹಾಗಾಗಿ ಗಂಡನ ಹಳೆಯ ಚಪ್ಪಲಿ ಹಾಕಿಕೊಂಡೆ. ಅವುಗಳ ಪಟ್ಟಿ ಸಡಿಲು ಮಾಡಬಹುದಿತ್ತು. ಸೀರೆ ಬೇಡವೆಂದು ಸಡಿಲ ಚೂಡಿದಾರ. ಹೆಗಲಿಗೆ ನನ್ನ ಡ್ಯೂಟಿಯ ಚರ್ಮದ ಚೀಲ, ಅದರಲ್ಲಿ ನೀರಿನ ಬಾಟಲಿ, ಡಾಕ್ಟರಮ್ಮ ಬರೆದುಕೊಟ್ಟ ಚೀಟಿ. ಆ ಚೀಲ ಹೆಗಲಿಗೆ ಬಿದ್ದ ಕೂಡಲೇ ನನಗೆ ಅರ್ಧ ಜೀವ ಬಂದ ಹಾಗಾಯಿತು.

ಪಾರ್ಕು ಹೆದ್ದಾರಿಯ ಬದಿಗಿತ್ತು. ಗೇಟಿನ ಹತ್ತಿರ ಚೀಲ ತಪಾಸಣೆ. ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ ಎಂದು ದೊಡ್ಡದಾಗಿ ಬರೆದಿದ್ದರು. ನಾವು ಯಾರೂ ಅದನ್ನು ಯೋಚಿಸಿರಲೇ ಇಲ್ಲ. ತಪಾಸಣೆಗೆ ನಿಂತ ಹೆಂಗಸು ಬುತ್ತಿಯ ಗಂಟು ಮುಟ್ಟಿ, "ಇದನ್ನ ಇಲ್ಲೇ ಇಟ್ಟ ಹೋಗ್ಬೇಕ್ರಿ," ಅಂದಳು.

ನನ್ನ ಗಂಡ ತಲೆ ಕೆರೆದುಕೊಂಡರು. ಅತ್ತೆ ಮುಂದೆ ಬಂದು ನನ್ನ ಹೊಟ್ಟೆಯ ಕಡೆ ಕೈ ತೋರಿಸಿದರು. "ತಂಗೀ, ಇದು ತಿಂಡಿ ಅಲ್ಲ. ಬಯಕಿ ಬುತ್ತಿ."

ಅವಳು ಒಮ್ಮೆ ನನ್ನನ್ನು ನೋಡಿದಳು, ಒಮ್ಮೆ ಬುತ್ತಿಯನ್ನು ನೋಡಿದಳು, ಒಮ್ಮೆ ಆ ಕಡೆ ಈ ಕಡೆ ನೋಡಿದಳು. "ಮೊದಲ ಹೇಳಬಾರದೇನ್ರಿ ಯವ್ವಾ? ಬಯಕಿ ಬುತ್ತಿ ತಡದ್ರ ನನಗ ಒಳ್ಳೇದಾಗ್ತೈತೇನ? ಒಯ್ಯಿರಿ, ಒಯ್ಯಿರಿ." ನಾವು ನಾಲ್ಕು ಹೆಜ್ಜೆ ಹೋಗಿಲ್ಲ, ಹಿಂದಿನಿಂದ ಮತ್ತೆ ಕೂಗಿದಳು. "ಹೋಳಿಗಿ ವಾಸನಿ ಬರಾಕತ್ತೇತಲ್ರಿ?" ಅತ್ತೆ ನಗುತ್ತಾ ಹೋಗಿ ಒಂದು ಹೋಳಿಗೆ ಕೊಟ್ಟು ಬಂದರು. ಕಾಯ್ದೆ ತಿಳಿದವರು ತಮ್ಮೊಳಗೇ ಮಾತಾಡಿಕೊಂಡ ಹಾಗಿತ್ತು.

ಆದರೆ ಅತ್ತೆಯ ಮನಸ್ಸಿನಲ್ಲಿದ್ದ ಯೋಜನೆ ನನಗೆ ತಿಳಿದದ್ದು ಗೇಟು ದಾಟಿದ ಮೇಲೆ. ಅಲ್ಲಿ ಸಾಲಾಗಿ ಗಾಲಿ ಕುರ್ಚಿ ನಿಲ್ಲಿಸಿದ್ದರು. ಅವರು ಸೀದಾ ಹೋಗಿ ಒಂದನ್ನು ಹಿಡಿದು ತಂದರು. ಸೊಸೆ ಪಾರ್ಕೂ ನೋಡಿದ ಹಾಗಾಯಿತು, ನೆಲಕ್ಕೆ ಕಾಲೂ ಊರಲಿಲ್ಲ. ಎರಡು ದಿನ ತಮ್ಮಷ್ಟಕ್ಕೆ ಗೊಣಗಿದ್ದು ಇದಕ್ಕೆ.

"ಕುಂದ್ರು," ಅಂದರು.

ಗಾಲಿ ಕುರ್ಚಿ ಬೇಕಾದವರಿಗೆ ಅದು ದೊಡ್ಡ ಆಸರೆ. ನನ್ನ ಜತೆ ಡ್ಯೂಟಿ ಮಾಡುತ್ತಿದ್ದ ಒಬ್ಬಳಿಗೆ ಡಾಕ್ಟರು ಪೂರ್ತಿ ವಿಶ್ರಾಂತಿ ಹೇಳಿದ್ದರು, ಅವಳು ಎದ್ದು ಓಡಾಡುವಂತಿರಲಿಲ್ಲ. ನನಗೆ ಹೇಳಿದ್ದು ನಡೀರಿ ಎಂದು. ಜಗಳ ಮಾಡಿದರೆ ಆ ದಿನ ಅಲ್ಲೇ ಕೆಡುತ್ತಿತ್ತು. ಬಸ್ಸಿನಲ್ಲಿ ಟಿಕೆಟ್ ತೆಗೆಯಲು ತಕರಾರು ಮಾಡುವವರ ಜತೆ ಹೇಗೆ ಮಾತಾಡಬೇಕೆಂದು ನನಗೆ ಗೊತ್ತು. ಧ್ವನಿ ಏರಿಸಬಾರದು, ಅವರ ಮಾತಿನಿಂದಲೇ ಅವರನ್ನು ಹಿಡಿಯಬೇಕು.

"ಅತ್ತಿ, ನಾ ಅವತ್ತ ಏನಂದಿದ್ದೆ ನೆನಪ ಮಾಡಿಕೊಳ್ರಿ. ಪಾರ್ಕ್ ನೋಡಬೇಕು ಅಂದಿದ್ನೋ, ಅಡ್ಯಾಡಬೇಕು ಅಂದಿದ್ನೋ?"

ಅತ್ತೆ ಕುರ್ಚಿಯ ಹಿಡಿ ಬಿಡಲಿಲ್ಲ.

"ನನಗಾದ ಬಯಕಿ ಅಡ್ಯಾಡೂದು. ಇದರಾಗ ಕುಂತ್ರ ಬಯಕಿ ತೀರತೈತೇನ್ರಿ? ಆಮ್ಯಾಲೆ ಕಿವಿ..."

"ಸಾಕ, ಬಾಯಿ ಮುಚ್ಚು," ಅಂದರು. ಕುರ್ಚಿಯನ್ನು ತಂದ ಜಾಗಕ್ಕೇ ನೂಕಿಕೊಂಡು ಹೋದರು. ನಾದಿನಿ ಬೆನ್ನು ತಿರುಗಿಸಿ ನಿಂತು ನಗುತ್ತಿದ್ದಳು. ನನ್ನ ಗಂಡ ಮಾತ್ರ ಯಾವ ಕಡೆಯೂ ನೋಡದೆ ಆಕಾಶ ನೋಡುತ್ತಿದ್ದರು.

ಗೆದ್ದೆ ಅಂತ ಮೆರೆಯುವ ಹಾಗಿರಲಿಲ್ಲ. ನಡೆಯುವುದಕ್ಕೆ ಒಂದು ಲೆಕ್ಕಾಚಾರ ಬೇಕೆಂದು ನಾನೇ ಅತ್ತೆಗೆ ಹೇಳಿದೆ. ಬಸ್ಸಿನಲ್ಲಿ ಡ್ರೈವರ್ ಬ್ರೇಕ್ ಹಾಕಿದ ಮೇಲೆ ಕಂಬ ಹುಡುಕುವವರು ಬೀಳುತ್ತಾರೆ, ಮೊದಲೇ ಹಿಡಿದವರು ಬೀಳುವುದಿಲ್ಲ. ಕಾಲು ನೋವು ಬಂದ ಮೇಲೆ ಬೆಂಚು ಹುಡುಕುವುದಲ್ಲ, ನೋವು ಬರುವ ಮೊದಲೇ ಬೆಂಚು ಎಲ್ಲಿದೆ ನೋಡಿಕೊಂಡು ಹೊರಡುವುದು. ಗೇಟಿನ ಹತ್ತಿರ ಪಾರ್ಕಿನ ನಕ್ಷೆ ಬರೆದ ಹಲಗೆ ಇತ್ತು. ಅದರ ಮುಂದೆ ನಿಂತು ನಮ್ಮ ಮಾರ್ಗ ಗೊತ್ತು ಮಾಡಿದೆ. ಮೊದಲ ಸ್ಟಾಪು ಕಾರಂಜಿ ಹತ್ತಿರದ ಮರದ ಕೆಳಗೆ, ಎರಡನೇದು ಪುಟ್ಟ ರೈಲಿನ ಸ್ಟೇಷನ್ನು, ಅಲ್ಲಿ ಹೆಂಗಸರ ಶೌಚಾಲಯವೂ ಇದೆ. ಮೂರನೇದು ಊಟಕ್ಕೆ ದೊಡ್ಡ ಮಂಟಪ. ಏಳು ತಿಂಗಳ ಹೊಟ್ಟೆ ಹೊತ್ತವಳಿಗೆ ಶೌಚಾಲಯ ದೂರವಿರುವ ಯಾವ ಮಾರ್ಗವೂ ಮಾರ್ಗವಲ್ಲ. ಇದನ್ನು ಗಂಡಸರಿಗೆ ಹೇಳಿ ತಿಳಿಸುವುದು ಕಷ್ಟ.

"ನೀವಿಬ್ಬರೂ ನೀರಿನಾಗ ಆಡಾಕ ಹೋಗ್ರಿ," ಎಂದು ಗಂಡನನ್ನೂ ನಾದಿನಿಯನ್ನೂ ಕಳಿಸಿಬಿಟ್ಟೆ. ಉಳಿದವರು ನಾನು, ಅತ್ತೆ, ಸ್ಟೂಲು.

ಮುಂಜಾನೆಯ ಹೊತ್ತು ನಾನು ಎಷ್ಟು ಸುಖಪಟ್ಟೆ ಅಂದರೆ, ಬರೀ ನಡೆಯುವುದರಲ್ಲಿ ಅಷ್ಟು ಸುಖವಿದೆಯೆಂದು ಮೊದಲು ಗೊತ್ತೇ ಇರಲಿಲ್ಲ. ಆಟದ ಯಂತ್ರಗಳ ಮುಂದೆಲ್ಲ ಬಸುರಿಯರಿಗೆ ಪ್ರವೇಶವಿಲ್ಲ ಎಂದು ಬರೆದಿತ್ತು. ನನಗೆ ಅದರಿಂದ ಏನೂ ಬೇಜಾರಾಗಲಿಲ್ಲ, ಕುಲುಕಾಟ ನಾನು ಬೇಕಾದಷ್ಟು ನೋಡಿದ್ದೇನೆ. ದೊಡ್ಡ ತೊಟ್ಟಿಲ ಹತ್ತಿರ ಒಬ್ಬ ಮಂದಿಯನ್ನು ಹತ್ತಿಸಿ, ಪಟ್ಟಿ ಕಟ್ಟಿಸಿ, ಕೈ ಮಾಡಿ ಸನ್ನೆ ಕೊಡುತ್ತಿದ್ದ. ಅವನು ಸನ್ನೆ ಕೊಡುವಾಗ ನನ್ನ ಬಾಯಿಂದ, "ರೈಟ್!" ಎಂದು ಹೊರಬಿತ್ತು. ಸಾಲಿನಲ್ಲಿದ್ದವರೆಲ್ಲ ತಿರುಗಿ ನೋಡಿದರು. ಅತ್ತೆ ನನ್ನ ರಟ್ಟೆ ಜಗ್ಗಿದರು.

ನಿಲ್ಲುವುದು ಮಾತ್ರ ನಡೆಯುವುದಕ್ಕಿಂತ ಕಷ್ಟ. ನಡೆದರೆ ಏನೂ ಅನಿಸದ ಕಾಲು, ಒಂದೇ ಕಡೆ ನಿಂತರೆ ಕಲ್ಲಿನಷ್ಟು ಭಾರವಾಗುತ್ತಿತ್ತು. ಹಾಗಾಗಿ ಎಲ್ಲಿಯೂ ಸಾಲು ಹಚ್ಚಲಿಲ್ಲ. ಸ್ಟಾಪು ಬಂದರೆ ಕೂರುವುದು, ಚಪ್ಪಲಿ ಬಿಡುವುದು, ಸ್ಟೂಲಿನ ಮೇಲೆ ಕಾಲು ಚಾಚುವುದು, ಎರಡು ಗುಟುಕು ನೀರು. ಬೆಂಚಿನ ಮೇಲೆ ಜಾಗ ಇರದಿದ್ದರೆ ನನ್ನ ಡ್ಯೂಟಿಯ ಧ್ವನಿ ತೆಗೆಯುತ್ತಿದ್ದೆ. "ಸ್ವಲ್ಪ ಸರೀರಿ, ಹಿಂದ ಜಾಗಾ ಐತಿ, ಸರೀರಿ." ಯಾಕೆ, ಏನು ಎಂದು ಕೇಳದೆ ಜನ ಸರಿಯುತ್ತಿದ್ದರು. ಅತ್ತೆ ಮೊದಮೊದಲು ನಾಚಿಕೊಂಡರು, ಆಮೇಲೆ ಅವರೇ ನನಗಿಂತ ಮೊದಲು ಹೋಗಿ, "ಸರೀರಿ," ಅನ್ನತೊಡಗಿದರು.

ಊಟ ರಾಜಭೋಗವಾಯಿತು. ಗಂಡ, ನಾದಿನಿ ಇಬ್ಬರೂ ತೊಯ್ದ ತಲೆಯಲ್ಲಿ ಬಂದು ಬುತ್ತಿ ಖಾಲಿ ಮಾಡಿ ಮತ್ತೆ ನೀರಿಗೆ ಓಡಿದರು. ನಾನು ಮಂಟಪದ ಮೂಲೆಯಲ್ಲಿ ದುಪ್ಪಟಿ ಹಾಸಿ, ಎಡಮಗ್ಗುಲಾಗಿ ಮಲಗಿ, ಒಂದು ಒಳ್ಳೆಯ ನಿದ್ದೆ ತೆಗೆದೆ. ಎದ್ದಾಗ ಅತ್ತೆ ಸೆರಗಿನಿಂದ ನನಗೆ ಗಾಳಿ ಹಾಕುತ್ತಾ ಕೂತಿದ್ದರು. ಮುಂಜಾನೆಯಿಂದ ಅವರು ತಾವಾಗಿ ಎಲ್ಲಿಯೂ ಬೆನ್ನು ಚಾಚಿರಲಿಲ್ಲ.

ಮಧ್ಯಾಹ್ನ ಇಳಿಯುವಾಗ ಅಲೆಗಳ ಕೊಳ ನೋಡೋಣವೆಂದು ಹೊರಟೆವು. ನಕ್ಷೆಯಲ್ಲಿ ಹತ್ತಿರ ಕಂಡದ್ದು ನೆಲದ ಮೇಲೆ ದೂರವಿತ್ತು. ನಡುವೆ ಒಂದು ಬಟಾಬಯಲು, ಮರವಿಲ್ಲ, ಬೆಂಚಿಲ್ಲ. ಕೊಡೆ ಹಿಡಿದು ಅರ್ಧ ದಾಟಿದ್ದೆವು. ಆಗ ನನ್ನ ಹೊಟ್ಟೆ ಗಟ್ಟಿಯಾಯಿತು.

ನೋವಲ್ಲ, ಒಳಗಿನಿಂದ ಯಾರೋ ಮುಷ್ಟಿ ಹಿಡಿದ ಹಾಗೆ ಬಿಗಿತ. ನಾನು ನಿಂತೆ. ಅತ್ತೆ ನನ್ನ ಮುಖ ನೋಡಿದರು, ಕೇಳಬೇಕಾದ್ದೇನೂ ಇರಲಿಲ್ಲ. ಅವರ ಕೈಯಿಂದ ಕೊಡೆ ಕೆಳಗೆ ಬಿತ್ತು.

ಇಂಥ ಬಿಗಿತ ಬರಬಹುದು, ಬಂದರೆ ಕೂತು ನೀರು ಕುಡಿದು ಎಡಮಗ್ಗುಲಾಗಿ ಮಲಗಬೇಕು, ಅದು ಸಡಿಲಾಗದಿದ್ದರೆ, ಮತ್ತೆ ಮತ್ತೆ ಬಂದರೆ, ತಡ ಮಾಡದೆ ಆಸ್ಪತ್ರೆಗೆ ಬರಬೇಕು ಎಂದು ಡಾಕ್ಟರಮ್ಮ ಹೇಳಿದ್ದರು. ಎಲ್ಲವೂ ನನಗೆ ನೆನಪಿತ್ತು. ಆದರೆ ನೆನಪಿರುವುದು ಬೇರೆ, ಹೆದರದೆ ಇರುವುದು ಬೇರೆ. ಆ ಕ್ಷಣ ನಾನು ಹೆದರಿದೆ. ಹಿಂದಿನ ಸಲದ ದಿನ ಪೂರ್ತಿಯಾಗಿ ಕಣ್ಣ ಮುಂದೆ ಬಂತು. ಈ ಕೂಸೂ ಹೋದರೆ ನಾನು ಏಳುವುದಿಲ್ಲ ಅನ್ನಿಸಿತು.

"ಸ್ಟೂಲ್ ಇಡ್ರಿ ಅತ್ತಿ," ಅಂದೆ. ಧ್ವನಿ ಗಟ್ಟಿಯಾಗಿಯೇ ಬಂತು, ಅದೊಂದು ಪುಣ್ಯ. ಸ್ಟೂಲಿನ ಮೇಲೆ ಕೂತು ಉಸಿರು ಎಳೆದುಕೊಂಡೆ, ನೀರು ಕುಡಿದೆ. ಸ್ವಲ್ಪ ಆಚೆ ಒಂದು ಸಿಮೆಂಟಿನ ಆನೆ ನಿಂತಿತ್ತು, ಅದರ ಹೊಟ್ಟೆಯ ಕೆಳಗೆ ನೆರಳಿತ್ತು. ಅಲ್ಲಿಯವರೆಗೆ ಹೋಗಿ, ದುಪ್ಪಟಿ ಹಾಸಿ, ಅತ್ತೆಯ ತೊಡೆಯ ಮೇಲೆ ತಲೆಯಿಟ್ಟು ಎಡಮಗ್ಗುಲಾದೆ. ಗಂಡನಿಗೆ ಫೋನು ಮಾಡಿದರೆ ರಿಂಗಾಯಿತು, ಎತ್ತಲಿಲ್ಲ. ನೀರಿಗಿಳಿದವರು ಫೋನು ಎಲ್ಲಿಟ್ಟಿರುತ್ತಾರೆ?

"ಕಾಯೂಣು. ಬಿಟ್ಟ ಹೋಗ್ತೈತಿ," ಅಂದೆ. ಅವರಿಗೆ ಹೇಳಿದೆನೋ, ನನಗೇ ಹೇಳಿಕೊಂಡೆನೋ.

ನನ್ನ ಕೆನ್ನೆಯ ಮೇಲೆ ಏನೋ ಬಿಸಿಯಾಗಿ ಬಿತ್ತು. ನೋಡಿದರೆ ಅತ್ತೆ ಅಳುತ್ತಿದ್ದರು. ಮಾವ ತೀರಿಕೊಂಡಾಗಲೂ ಮಂದಿಯ ಎದುರು ಅಳದ ಹೆಂಗಸು ಅವರು.

"ಬಿಟ್ಟ ಹೋಗ್ತೈತಿ ಅಂತ ನಾನ ಅಂದಿದ್ದೆ," ಅಂದರು.

"ಯಾವಾಗ್ರಿ?"

"ಆ ಸಲ. ಮುಂಜಾನೆ ಎದ್ದ ನೀ ನಡಾ ನೋಯಾಕತ್ತೇತಿ, ಇವತ್ತ ರಜಾ ಹಾಕ್ಲೇನ್ರಿ ಅಂತ ಕೇಳಿದ್ದಿ. ನಾ ರೊಟ್ಟಿ ಬಡಿಯಾಕತ್ತಿದ್ದೆ. ತಲಿ ಎತ್ತಿ ಸುದ್ದಾ ನೋಡಲಿಲ್ಲ. ಅಡ್ಯಾಡಿದ್ರ ಬಿಟ್ಟ ಹೋಗ್ತೈತಿ, ನಾವೆಲ್ಲಾ ಹಿಂಗ ಹಡದೇವಿ, ಹೋಗು ಅಂದೆ." ಸೆರಗಿನಿಂದ ಕಣ್ಣು ಒರೆಸಿಕೊಂಡರು. "ಹೋಗು ಅಂದೆ ನಾ. ನೀ ಹೋದಿ. ಕೂಸು ಹೋತು."

ನನಗೆ ಅದು ನೆನಪೇ ಇರಲಿಲ್ಲ. ಆ ದಿನದ ಎಲ್ಲವೂ ನೆನಪಿತ್ತು, ಬಸ್ಸಿನ ನಂಬರು, ಪಕ್ಕದಲ್ಲಿ ಕೂತು ನನಗೆ ನೀರು ಕುಡಿಸಿದ ಮುದುಕಿಯ ಮುಖ. ಅತ್ತೆಯ ಆ ಮಾತು ಮಾತ್ರ ಒಂದು ಚೂರೂ ಉಳಿದಿರಲಿಲ್ಲ. ಅವರು ಅದೊಂದನ್ನೇ ಇಟ್ಟುಕೊಂಡು ಇಷ್ಟು ದಿನ ಬದುಕಿದ್ದರು. ಅವರು ಬೈಯುತ್ತಿದ್ದದ್ದು ಬಸ್ಸನ್ನೂ ಅಲ್ಲ, ನನ್ನ ಕಾಲುಗಳನ್ನೂ ಅಲ್ಲ. ಬಚ್ಚಲ ಬಾಗಿಲ ಹೊರಗೆ ಕಾದು ನಿಲ್ಲುತ್ತಿದ್ದದ್ದು ಇದಕ್ಕಾಗಿ. ಇಷ್ಟು ತಿಂಗಳು ಅವರ ಮೇಲೆ ಮಾಡಿಕೊಂಡ ಸಿಟ್ಟೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ.

ಡಾಕ್ಟರಮ್ಮ ಹೇಳಿದ್ದನ್ನು ಮತ್ತೊಮ್ಮೆ ಹೇಳಬಹುದಿತ್ತು. ಅದನ್ನು ಮೊದಲೇ ಹೇಳಿದ್ದೆ, ಅದರಿಂದ ಏನೂ ಆಗಿರಲಿಲ್ಲ. ಸಮಾಧಾನದ ಮಾತು ನನ್ನ ಬಾಯಿಗೆ ಅಷ್ಟು ಸುಲಭಕ್ಕೆ ಬರುವುದೂ ಇಲ್ಲ. ಬಂದದ್ದು ಇದು.

"ಅತ್ತಿ, ಖರೇ ಹೇಳ್ರಿ. ಈ ಮನಿಗೆ ಬಂದಾಗಿಂದ ನಿಮ್ಮ ಮಾತ ಒಂದರೆ ಕೇಳೀನೇನ್ರಿ ನಾ?"

ಅವರು ಮೂಗು ಒರೆಸಿಕೊಂಡು ನನ್ನ ಮುಖ ನೋಡಿದರು.

"ನೀವು ಹೋಗು ಅಂದ್ರ ಹೋಗಾಕಿ ಅಲ್ಲ, ಬ್ಯಾಡ ಅಂದ್ರ ಬಿಡಾಕಿ ಅಲ್ಲ. ಅವತ್ತ ನೀವು ಕೈ ಹಿಡದ ಜಗ್ಗಿದ್ರೂ ನಾ ಡ್ಯೂಟಿಗೆ ಹೋಗ್ತಿದ್ದೆ. ನನ್ನ ಕೂಸು ನಿಮ್ಮ ಮಾತಿಗೆ ಹೋಗಿಲ್ರಿ. ಅದು ನಿಲ್ಲಾಕ ಬಂದಿರಲಿಲ್ಲ, ಅಷ್ಟ."

ಅತ್ತೆಗೆ ಅಳು, ನಗು ಎರಡೂ ಒಟ್ಟಿಗೆ ಬಂದವು. "ಅದೂ ಖರೇನ ಬಿಡು. ಹಟಮಾರಿ ಹೆಣ್ಣ ನೀ," ಎಂದು ನನ್ನ ತಲೆಯ ಮೇಲೆ ಮೆಲ್ಲಗೆ ಕುಟ್ಟಿದರು. ಮತ್ತೆ ಸ್ವಲ್ಪ ಹೊತ್ತು ಅತ್ತರು, ಈ ಸಲ ಮುಚ್ಚಿಕೊಳ್ಳದೆ ಅತ್ತರು. ನನಗೂ ಅಳು ಬಂತು. ಆನೆಯ ಜತೆ ಫೋಟೋ ತೆಗೆಸಿಕೊಳ್ಳಲು ಬಂದ ಒಂದು ಕುಟುಂಬ ನಮ್ಮನ್ನು ನೋಡಿ ದೂರ ಸರಿದು ಆಚೆಗಿದ್ದ ಸಿಮೆಂಟಿನ ಒಂಟೆಯ ಕಡೆ ಹೋಯಿತು.

ಈ ನಡುವೆ ಯಾವಾಗಲೋ ಹೊಟ್ಟೆ ಸಡಿಲಾಗಿತ್ತು. ಕಾಯುತ್ತಾ ಇದ್ದೆ, ಮತ್ತೆ ಬಿಗಿಯಲಿಲ್ಲ. ಆಮೇಲೆ ಒಳಗಿನಿಂದ ಒಂದು ಒದೆ ಬಂತು, ಬಲವಾಗಿಯೇ ಬಂತು. ಅತ್ತೆಯ ಕೈ ತೆಗೆದುಕೊಂಡು ಅಲ್ಲಿ ಇಟ್ಟೆ. ಇಷ್ಟು ದಿನ ಅವರು ನನ್ನ ಹೊಟ್ಟೆ ಮುಟ್ಟಿರಲಿಲ್ಲ. ಎಣ್ಣೆ ಹಚ್ಚುವಾಗಲೂ ಕಾಲಿಗೆ ಹಚ್ಚಿ, ಬೆನ್ನಿಗೆ ಹಚ್ಚಿ, ಬಟ್ಟಲನ್ನು ನನ್ನ ಕೈಗೆ ಕೊಟ್ಟು ಎದ್ದು ಹೋಗುತ್ತಿದ್ದರು. ಯಾಕೆಂದು ನಾನು ಕೇಳಿರಲಿಲ್ಲ. ಈಗ ಕೈ ತೆಗೆಯಲಿಲ್ಲ. ಎರಡನೇ ಒದೆ ಬಿದ್ದಾಗ, "ಅಯ್ಯ ಇದರ," ಅಂದರು, ಅಷ್ಟೇ.

ಗಂಡ ವಾಪಸು ಫೋನು ಮಾಡಿದಾಗ ಹೊತ್ತು ತಂಪಾಗಿತ್ತು. "ಏನಾತು? ಯಾಕ ಮಾಡಿದ್ದಿ?" ಎಂದು ಗಾಬರಿಯಾಗಿ ಕೇಳಿದರು. "ಏನೂ ಇಲ್ರಿ. ಆನೆ ಕೆಳಗ ಅದೀವಿ, ಬರ್ರಿ," ಅಂದೆ. ಪಾಪ, ಅವರಿಗೆ ಏನು ತಿಳಿಯಿತೋ, ಒದ್ದೆ ಬಟ್ಟೆಯಲ್ಲೇ ಓಡಿ ಬಂದರು. ಬಿಗಿತ ಬಂದದ್ದು, ಹೋದದ್ದು ಎರಡನ್ನೂ ಹೇಳಿದೆ. ಡಾಕ್ಟರಮ್ಮನಿಗೂ ಫೋನಿನಲ್ಲಿ ಹೇಳಿ ಕೇಳಿದೆ. ಅದು ಮತ್ತೆ ಬಂದಿಲ್ಲವೆಂದರೆ, ಕೂಸು ಆಡುತ್ತಿದೆಯೆಂದರೆ ಹೆದರಬೇಡಿ, ಬಿಸಿಲಿನಲ್ಲಿ ಹೋಗಬೇಡಿ, ನೀರು ಕುಡಿಯಿರಿ, ನಾಳೆ ಒಮ್ಮೆ ಬಂದು ಹೋಗಿ ಅಂದರು. ಫೋನಿನ ಸ್ಪೀಕರ್ ಹಾಕಿದ್ದೆ, ಎಲ್ಲರೂ ಕೇಳಿದರು.

ಬಿಸಿಲು ಇಳಿಯುವವರೆಗೆ ಅಲ್ಲೇ ಕೂತೆವು. ಮೆಲ್ಲಗೆ ಎದ್ದು ನೆರಳಿದ್ದ ಸುತ್ತು ದಾರಿ ಹಿಡಿದು, ಸ್ಟಾಪಿಗೊಮ್ಮೆ ಕೂತು, ಗೇಟಿಗೆ ಬಂದೆವು. ಕಾರು ನಿಲ್ಲಿಸಿದ ಜಾಗ ಗೇಟಿನಿಂದ ಆಚೆ, ಸಣ್ಣ ಏರಿನ ಮೇಲಿತ್ತು. ಅಲ್ಲಿಯವರೆಗೆ ಮಂದಿಯನ್ನು ಒಯ್ಯುವ ಬ್ಯಾಟರಿ ಗಾಡಿ ತಯಾರಾಗಿ ನಿಂತಿತ್ತು. ಚಾಲಕ ನನ್ನ ಹೊಟ್ಟೆ ನೋಡಿದವನೇ ಮುಂದಿನ ಸೀಟಿನಲ್ಲಿದ್ದವರನ್ನು ಎಬ್ಬಿಸಿದ. "ಬರ್ರಿ ಅಕ್ಕಾರ, ಇಲ್ಲಿ ಕುಂದರ್ರಿ." ನಾದಿನಿ, "ಕುಂದರ್ರಿ ವೈನಿ," ಅಂದಳು. ನನ್ನ ಗಂಡ ಅತ್ತೆಯ ಕಡೆ ತಿರುಗಿ, "ಅವ್ವಾ, ಆಕೀನ ಕುಂದ್ರಸು. ಇವತ್ತ ಆಗಿದ್ದ ಸಾಕು," ಅಂದರು. ಕೂತವರು, ನಿಂತವರು, ಎಲ್ಲರೂ ನನ್ನ ಪರವಾಗಿ ಮಾತಾಡುತ್ತಿದ್ದರು.

ನನ್ನ ಕಾಲು ಹಗುರಾಗಿದ್ದವು, ಗಾಳಿ ತಂಪಾಗಿತ್ತು, ನನಗೆ ಆ ಏರು ಹತ್ತಬೇಕೆನಿಸಿತ್ತು. ಆದರೆ ಈ ಸಲ ಬಯಕೆ ಎಂದು ಹೇಳಿ ಗೆಲ್ಲಲು ಮನಸ್ಸಾಗಲಿಲ್ಲ. ಅತ್ತೆ ಮಲಗು ಎಂದರೆ ಮಲಗೋಣ, ಎರಡು ತಿಂಗಳು ತಾನೆ, ಅಂತ ಕೂಡ ಅಂದುಕೊಂಡೆ.

ಅತ್ತೆ ಗಾಡಿಯನ್ನು ನೋಡಿದರು, ಏರನ್ನು ನೋಡಿದರು, ಕಡೆಗೆ ನನ್ನನ್ನು ನೋಡಿದರು.

"ಏನ ಅನಸ್ತೈತವ್ವಾ ನಿನಗ? ನಡೀತಿಯೇನ?"

ಐದನೇ ತಿಂಗಳಿನಿಂದ ಯಾರೂ ನನ್ನನ್ನು ಹಾಗೆ ಕೇಳಿರಲಿಲ್ಲ. "ನಡೀತೇನ್ರಿ ಅತ್ತಿ," ಅಂದೆ. "ದಣಿವಾದ್ರ ನಡುವ ಕುಂದರತೇನಿ."

ಅತ್ತೆಯ ಕೈ ಇನ್ನೂ ನನ್ನ ರಟ್ಟೆಯ ಮೇಲಿತ್ತು. ಆಮೇಲೆ ಒಂದೊಂದೇ ಬೆರಳು ಬಿಡಿಸಿ ಆ ಕೈ ತೆಗೆದರು.

"ಹೋಗು," ಅಂದರು.